ಪಿನ್ ಬಿದ್ದದ್ದು ಯಾರ ಕಿವಿಗೆ, ನಷ್ಟ ಯಾರ ತಲೆಗೆ: ಹಾಸನದ ಒಂದು ಎಟಿಎಂ ಕಾರ್ಡ್ ವಂಚನೆಯ ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ 2023ರ ನವೆಂಬರಿನಲ್ಲಿ ಹಾಸನ ನಗರದಲ್ಲಿ ಶುರುವಾಗಿ ಮರುವರ್ಷದ ಮೇ ತಿಂಗಳಿನಲ್ಲಿ ಮುಗಿಯಿತು. ನಾನು ಮೂವತ್ತೊಂದು ವರ್ಷ ಬ್ಯಾಂಕ್ ನೌಕರಿ ಮಾಡಿ ನಿವೃತ್ತನಾದವನು. ಬ್ಯಾಂಕಿಗೆ ದೂರು ಬರೆಯುವುದು ಹೇಗೆಂದು ತಿಳಿಯದೆ ಬಂದವರಿಗೆ ಬರೆದುಕೊಡುವ ಕೆಲಸವನ್ನು ಈಚೆಗೆ ಕೆಲವು ವರ್ಷಗಳಿಂದ ಮಾಡಿಕೊಂಡು ಬಂದಿದ್ದೇನೆ. ಸಂಬಂಧಪಟ್ಟವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ವ್ಯಕ್ತಿ, ಊರು, ಬ್ಯಾಂಕು ಇವುಗಳ ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ ಅಥವಾ ಕೈಬಿಟ್ಟಿದ್ದೇನೆ. ಆದರೆ ಯಾವುದು ಮೊದಲು ನಡೆಯಿತು, ಯಾವುದು ಆಮೇಲೆ ನಡೆಯಿತು ಎಂಬ ಕ್ರಮವನ್ನು ಮಾತ್ರ ಎಲ್ಲಿಯೂ ಕದಲಿಸಿಲ್ಲ, ಏಕೆಂದರೆ ಇಡೀ ಪ್ರಕರಣ ನಿಂತಿರುವುದೇ ಆ ಕ್ರಮದ ಮೇಲೆ.

ಕಾರ್ಡು ಕಳೆದುಕೊಂಡವರು ಆಲೂರು ತಾಲ್ಲೂಕಿನ ಒಂದು ಹಳ್ಳಿಯ ಅರವತ್ತೆಂಟು ವರ್ಷದ ಮಹಿಳೆ. ಅವರನ್ನು ಇಲ್ಲಿ ಅಜ್ಜಿ ಎಂದೇ ಕರೆಯುತ್ತೇನೆ. ಪತಿ ಸರ್ಕಾರಿ ನೌಕರಿಯಲ್ಲಿದ್ದು ನಿವೃತ್ತರಾಗಿ 2021ರಲ್ಲಿ ತೀರಿಕೊಂಡಿದ್ದರು, ಅಲ್ಲಿಂದಾಚೆಗೆ ಕುಟುಂಬ ಪಿಂಚಣಿ ಇವರ ಹೆಸರಿಗೆ ಬರುತ್ತಿತ್ತು. ಕನ್ನಡವನ್ನು ನಿಧಾನವಾಗಿ ಓದುತ್ತಾರೆ, ಸಹಿ ಹಾಕುತ್ತಾರೆ, ಇಂಗ್ಲಿಷ್ ಅಕ್ಷರ ಬರುವುದಿಲ್ಲ. ಮಗ ಬೆಂಗಳೂರಿನಲ್ಲಿದ್ದಾನೆ, ಮಗಳ ಮಗ, ಪಿಯುಸಿ ಓದುವ ಹುಡುಗ, ಅಜ್ಜಿಯ ಜೊತೆಗಿದ್ದಾನೆ. ತಿಂಗಳಿಗೊಮ್ಮೆ ಐದೋ ಆರೋ ಸಾವಿರ ತೆಗೆಯುವುದು ಅವರ ವಾಡಿಕೆ. ಮೊದಲೆಲ್ಲ ಶಾಖೆಯ ಕೌಂಟರಿನಲ್ಲಿ ಚೀಟಿ ಬರೆದುಕೊಟ್ಟು ಹಣ ಪಡೆಯುತ್ತಿದ್ದರು. ಸಣ್ಣ ಮೊತ್ತಕ್ಕೆ ಎಟಿಎಂಗೆ ಹೋಗಿ ಎಂದು ಕೌಂಟರಿನವರು ಹೇಳಿ ಕಳುಹಿಸತೊಡಗಿದ ಮೇಲೆ ಕಾರ್ಡು ಹಿಡಿದರು. ಈ ಒಂದು ಮಾತನ್ನು ನಾನು ಮೊದಲೇ ಬರೆದಿಡುತ್ತಿರುವುದಕ್ಕೆ ಕಾರಣವಿದೆ: ಯಂತ್ರದ ಮುಂದೆ ಅಪರಿಚಿತನ ನೆರವು ಬೇಡುವಂಥ ಸ್ಥಿತಿಯನ್ನು ಅಜ್ಜಿ ತಾವಾಗಿ ಆರಿಸಿಕೊಂಡದ್ದಲ್ಲ.

ಪತಿ ತೀರಿಕೊಂಡ ಕೆಲವು ತಿಂಗಳಿಗೆ ಜಂಟಿ ಖಾತೆಯನ್ನು ಅಜ್ಜಿಯೊಬ್ಬರ ಹೆಸರಿಗೆ ಮಾಡಿಸುವಾಗ, ಖಾತೆಗೆ ಜೋಡಣೆಯಾಗಿದ್ದ ಪತಿಯ ಮೊಬೈಲ್ ಸಂಖ್ಯೆಯನ್ನು ತೆಗೆದು ಮನೆಯಲ್ಲಿ ಬಳಕೆಯಲ್ಲಿರುವ ಸಂಖ್ಯೆಯನ್ನು ಸೇರಿಸಬೇಕೆಂದು ಅರ್ಜಿ ಕೊಟ್ಟಿದ್ದರು. ಅದರ ಸ್ವೀಕೃತಿ ಚೀಟಿಯ ಮೇಲೆ ಶಾಖೆಯ ಮೊಹರು ಮತ್ತು ದಿನಾಂಕ ಇದ್ದವು. ಎರಡು ವರ್ಷ ಆ ಚೀಟಿಯನ್ನು ಯಾರೂ ನೆನೆದಿರಲಿಲ್ಲ.

ಆ ಮೂರು ದಿನಗಳು

ಹಾಸನಾಂಬೆಯ ಬಾಗಿಲು ತೆರೆದಿದ್ದ ದಿನಗಳು ಅವು. ವರ್ಷಕ್ಕೊಮ್ಮೆ ಆ ಕೆಲವೇ ದಿನ ದೇವಿಯ ದರ್ಶನವಾದ್ದರಿಂದ ಊರೆಲ್ಲ ಪರಸ್ಥಳದ ಜನ, ಎಟಿಎಂಗಳ ಮುಂದೆಲ್ಲ ಸಾಲು. ಶುಕ್ರವಾರ ಸಂಜೆ ಐದೂ ಮುಕ್ಕಾಲರ ಹೊತ್ತಿಗೆ ಅಜ್ಜಿ ಬಸ್ ನಿಲ್ದಾಣದ ಹತ್ತಿರದ, ತಮ್ಮ ಬ್ಯಾಂಕಿನದಲ್ಲದ ಒಂದು ಎಟಿಎಂಗೆ ಹೋದರು. ಮೊಮ್ಮಗ ಕಾಲೇಜಿನಲ್ಲಿದ್ದ. ಕಾರ್ಡು ಹಾಕಿ ಎರಡು ಸಲ ಪ್ರಯತ್ನಿಸಿದರೂ ಹಣ ಬರಲಿಲ್ಲ. ಹಿಂದೆ ನಿಂತಿದ್ದ ಯುವಕನೊಬ್ಬ ಮುಂದೆ ಬಂದು ಭಾಷೆ ಆರಿಸುವ ಗುಂಡಿ ಒತ್ತಿಕೊಟ್ಟ, ಪಿನ್ ಕೇಳುವ ಪರದೆ ಬಂದಾಗ ಪಕ್ಕಕ್ಕೆ ಸರಿದು ಗೋಡೆಯ ಕಡೆ ಮುಖ ಮಾಡಿ ನಿಂತ.

ಅಜ್ಜಿ ಪಿನ್ ಒತ್ತುವ ಬಗೆಯನ್ನು ನಾನು ಆಮೇಲೆ ಕಣ್ಣಾರೆ ನೋಡಿದೆ. ಬಲಗೈಯ ತೋರುಬೆರಳನ್ನು ನೆಟ್ಟಗೆ ಮಾಡಿ, ಒಂದೊಂದೇ ಗುಂಡಿಯನ್ನು ಹುಡುಕಿ, ಒತ್ತುವ ಮೊದಲು ಆ ಅಂಕಿಯನ್ನು ಬಾಯಲ್ಲಿ ಹೇಳಿಕೊಳ್ಳುತ್ತಾರೆ. ದನಿ ಸಣ್ಣದು, ಆದರೆ ಮೂರಡಿ ದೂರದಲ್ಲಿ ನಿಂತವರಿಗೆ ಸ್ಪಷ್ಟವಾಗಿ ಕೇಳಿಸುವಷ್ಟು. ಅಂದರೆ ಆ ಯುವಕ ಗೋಡೆಯ ಕಡೆ ತಿರುಗಿಕೊಂಡಿದ್ದರಿಂದ ಅವನಿಗೆ ಆದ ತೊಂದರೆ ಏನೂ ಇಲ್ಲ. ಐದು ಸಾವಿರ ಹೊರಬಂತು. ಅವನೇ ಹಣವನ್ನೂ ಚೀಟಿಯನ್ನೂ ಎತ್ತಿ ಅಜ್ಜಿಯ ಕೈಗಿಟ್ಟು, ಕಾರ್ಡನ್ನು ಯಂತ್ರದಿಂದ ತೆಗೆದು ಅವರಿಗೆ ಕೊಟ್ಟ. ಕೊಟ್ಟದ್ದು ಅದೇ ಬ್ಯಾಂಕಿನ, ಅದೇ ಬಣ್ಣದ, ಬೇರೆಯವರ ಹೆಸರಿನ ಕಾರ್ಡು. ಹೆಸರು ಇಂಗ್ಲಿಷಿನಲ್ಲಿತ್ತು.

ಅಲ್ಲಿಂದ ಹಣ ಹೋದ ರೀತಿಯನ್ನು ನಾಲ್ಕು ಕಂತಾಗಿ ಹೇಳಬೇಕು. ಶುಕ್ರವಾರ ಸಂಜೆ ಆರೂ ಹತ್ತರಿಂದ ಹದಿನೈದು ನಿಮಿಷದೊಳಗೆ ಇನ್ನೊಂದು ಎಟಿಎಂನಿಂದ 35,000 ರೂಪಾಯಿ. ಅಜ್ಜಿ ತೆಗೆದ ಐದು ಸಾವಿರವೂ ಸೇರಿ ಆ ಕಾರ್ಡಿನ ದಿನದ ಮಿತಿಯಾದ 40,000 ಅಲ್ಲಿಗೆ ಮುಗಿಯಿತು. ಮಧ್ಯರಾತ್ರಿ ದಾಟಿ ತಾರೀಕು ಬದಲಾದ ಐದೇ ನಿಮಿಷಕ್ಕೆ ಮತ್ತೆ 40,000. ಶನಿವಾರ ಸಂಜೆ ನಾಲ್ಕೂ ಇಪ್ಪತ್ತಕ್ಕೆ ಬೇರೆ ಜಿಲ್ಲೆಯ ಒಂದು ಚಿನ್ನದ ಅಂಗಡಿಯಲ್ಲಿ ಕಾರ್ಡು ಉಜ್ಜಿ 48,500. ಶನಿವಾರ ಕಳೆದು ಭಾನುವಾರ ಹುಟ್ಟಿದ ಕೂಡಲೇ ಕೊನೆಯ 40,000. ಒಟ್ಟು 1,63,500 ರೂಪಾಯಿ. ಖಾತೆಯಲ್ಲಿ ಉಳಿದದ್ದು ಐದೂವರೆ ಸಾವಿರ ಚಿಲ್ಲರೆ.

ಮೊಮ್ಮಗನಿಗೆ ವಿಷಯ ತಿಳಿದದ್ದು ಶನಿವಾರ ಬೆಳಿಗ್ಗೆ ಹನ್ನೊಂದರ ಹೊತ್ತಿಗೆ, ಕಾರ್ಡಿನ ಮೇಲಿನ ಹೆಸರು ಓದಿದಾಗ. ಅವನು ಮಾಡಿದ ಕೆಲಸಗಳನ್ನು ನಾನು ಬಹಳ ಗೌರವದಿಂದ ದಾಖಲಿಸುತ್ತೇನೆ, ಹದಿನೇಳು ವರ್ಷದ ಹುಡುಗ ಅಷ್ಟು ಮಾಡಿದ್ದು ಸಣ್ಣ ಮಾತಲ್ಲ. ಬ್ಯಾಂಕಿನ ಸಹಾಯವಾಣಿಗೆ ಮೂರು ಸಲ ಕರೆ ಮಾಡಿದ. ಯಂತ್ರದ ದನಿ ನೋಂದಾಯಿತ ಮೊಬೈಲಿನಿಂದ ಕರೆ ಮಾಡಿ ಇಲ್ಲವೇ ಕಾರ್ಡಿನ ಸಂಖ್ಯೆ ಒತ್ತಿ ಎಂದು ಹೇಳುತ್ತಲೇ ಇತ್ತು. ಕಾರ್ಡು ಕಳ್ಳನ ಹತ್ತಿರ, ನೋಂದಾಯಿತ ಸಂಖ್ಯೆ ತೀರಿಕೊಂಡ ತಾತನದು. ಶಾಖೆಗೆ ಓಡಿದರೆ ಎರಡನೇ ಶನಿವಾರ, ಬಾಗಿಲು ಹಾಕಿತ್ತು. ಶಾಖೆಯ ಮೆಟ್ಟಿಲ ಮೇಲೆ ಕುಳಿತೇ ಬ್ಯಾಂಕಿನ ಜಾಲತಾಣದಲ್ಲಿದ್ದ ವಿಳಾಸಕ್ಕೆ ಅಜ್ಜಿಯ ಖಾತೆ ಸಂಖ್ಯೆ, ಕೈಗೆ ಬಂದಿದ್ದ ಬೇರೆಯವರ ಕಾರ್ಡಿನ ಚಿತ್ರ, ‘ದಯವಿಟ್ಟು ಕಾರ್ಡ್ ನಿಲ್ಲಿಸಿ’ ಎಂಬ ಒಂದು ಸಾಲು ಇವಿಷ್ಟನ್ನು ಇಮೇಲ್ ಮಾಡಿದ. ಮಧ್ಯಾಹ್ನ ಹನ್ನೆರಡೂ ಐದಕ್ಕೆ ಅದು ಹೋಯಿತು, ಹನ್ನೆರಡೂ ಆರಕ್ಕೆ ದೂರಿನ ಸಂಖ್ಯೆಯೊಂದಿಗೆ ತಾನಾಗಿ ಉತ್ತರ ಬಂತು. ಆಮೇಲೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ, ಪೊಲೀಸ್ ಠಾಣೆಗೆ ಹೋಗಿ ದೂರು ಬರೆದುಕೊಟ್ಟ.

ಆ ದೂರಿನಲ್ಲಿ ಅವನು ಅವಸರದಲ್ಲಿ ಬರೆದ ವಾಕ್ಯ ಇದು: ‘ನಮ್ಮ ಅಜ್ಜಿಯವರು ಅಪರಿಚಿತ ವ್ಯಕ್ತಿಗೆ ಕಾರ್ಡ್ ಮತ್ತು ಪಿನ್ ಕೊಟ್ಟಿರುತ್ತಾರೆ.’

ಬ್ಯಾಂಕು ಕಾರ್ಡನ್ನು ನಿಲ್ಲಿಸಿದ್ದು ಸೋಮವಾರ ಬೆಳಿಗ್ಗೆ ಹತ್ತೂ ನಲವತ್ತಕ್ಕೆ, ಇಬ್ಬರೂ ಶಾಖೆಯಲ್ಲಿ ಹೋಗಿ ನಿಂತ ಮೇಲೆ.

ಬ್ಯಾಂಕಿನ ಉತ್ತರ ಮತ್ತು ನಿಯಮ

ಡಿಸೆಂಬರ್ ಮೊದಲ ವಾರದಲ್ಲಿ ಬ್ಯಾಂಕಿನಿಂದ ಪತ್ರ ಬಂತು. ವಹಿವಾಟುಗಳೆಲ್ಲ ಚಿಪ್ ಇರುವ ಮೂಲ ಕಾರ್ಡಿನಿಂದ ಮತ್ತು ಸರಿಯಾದ ಪಿನ್‌ನಿಂದ ನಡೆದಿವೆ, ಪೊಲೀಸ್ ದೂರಿನ ಪ್ರಕಾರ ಪಿನ್ ಅನ್ನು ಗ್ರಾಹಕರೇ ಹಂಚಿಕೊಂಡಿದ್ದಾರೆ, ಆದ್ದರಿಂದ ಇದು ಗ್ರಾಹಕರ ನಿರ್ಲಕ್ಷ್ಯ, ಬ್ಯಾಂಕಿಗೆ ಹೊಣೆಯಿಲ್ಲ ಎಂಬುದು ಅದರ ಸಾರ. ಆ ಪತ್ರ ಹಿಡಿದುಕೊಂಡು ಅವರು ನನ್ನ ಬಳಿ ಬಂದರು. ಅಲ್ಲಿಯವರೆಗೆ ಬೆಂಗಳೂರಿನ ಮಗನಿಗೆ ವಿಷಯವನ್ನೇ ಹೇಳಿರಲಿಲ್ಲ.

ಪತ್ರದಲ್ಲಿದ್ದ ಮೊದಲ ವಾದವನ್ನು ನಾನು ಒಪ್ಪುತ್ತೇನೆ. 2018ರ ಅಂತ್ಯದೊಳಗೆ, ಹಿಂಬದಿಯ ಕಪ್ಪು ಕಾಂತಪಟ್ಟಿಯಿಂದಷ್ಟೇ ನಡೆಯುವ ಕಾರ್ಡುಗಳನ್ನೆಲ್ಲ ಚಿಪ್ ಕಾರ್ಡಿಗೆ ಬದಲಿಸಬೇಕೆಂದು ರಿಸರ್ವ್ ಬ್ಯಾಂಕ್ ಗಡುವು ಕೊಟ್ಟಿತ್ತು. ಕಾಂತಪಟ್ಟಿಯನ್ನು ಕದ್ದು ನಕಲು ಮಾಡುವುದು ಸುಲಭವಾಗಿತ್ತು, ಚಿಪ್ಪಿನ ನಕಲು ಕಷ್ಟ. ಇಲ್ಲಿ ನಕಲು ಆಗಿಯೇ ಇಲ್ಲ, ಅಸಲಿ ಕಾರ್ಡೇ ಕೈ ಬದಲಾಗಿದೆ. ಆದರೆ ಸರಿಯಾದ ಪಿನ್ ಬಿದ್ದಿದೆ ಎಂಬ ದಾಖಲೆ ಏನನ್ನು ಹೇಳುತ್ತದೆ? ಎಟಿಎಂನ ಗುಂಡಿಫಲಕದಲ್ಲಿ ಒತ್ತಿದ ನಾಲ್ಕು ಅಂಕಿಗಳು ಅಲ್ಲಿಯೇ ಗೂಢಲಿಪಿಯಾಗಿ, ಕಾರ್ಡು ಕೊಟ್ಟ ಬ್ಯಾಂಕಿನ ಭದ್ರ ಯಂತ್ರದವರೆಗೆ ಹೋಗಿ ತಾಳೆಯಾಗುತ್ತವೆ. ಬ್ಯಾಂಕಿನ ನೌಕರರಿಗೂ ಆ ಅಂಕಿ ಕಾಣುವುದಿಲ್ಲ. ತಾಳೆಯಾಯಿತು ಎಂಬ ಉತ್ತರದಲ್ಲಿ ಬೆರಳು ಯಾರದು ಎಂಬುದಿಲ್ಲ, ಆ ಬೆರಳಿಗೆ ಅಂಕಿ ಹೇಗೆ ಗೊತ್ತಾಯಿತು ಎಂಬುದಂತೂ ಇಲ್ಲವೇ ಇಲ್ಲ. ಪಿನ್ ಬಳಕೆಯಾಗಿದೆ ಎನ್ನುವುದು ಒಂದು ಸಂಗತಿ, ಪಿನ್ ಹಂಚಿಕೊಂಡಿದ್ದಾರೆ ಎನ್ನುವುದು ಇನ್ನೊಂದು. ಮೊದಲನೆಯದನ್ನು ತೋರಿಸಿ ಎರಡನೆಯದು ಸಾಬೀತಾಯಿತು ಎನ್ನುವ ಪತ್ರಗಳನ್ನು ನೌಕರಿಯಲ್ಲಿದ್ದಾಗ ನಾನೂ ಟೈಪು ಮಾಡಿಸಿ ಸಹಿ ಹಾಕಿ ಕಳುಹಿಸಿದ್ದೇನೆ. ಅವುಗಳನ್ನು ಪಡೆದವರಲ್ಲಿ ಎಷ್ಟು ಜನ ಅಲ್ಲಿಗೇ ಸುಮ್ಮನಾದರೋ ಎಂಬ ಯೋಚನೆ ಈಗಲೂ ನನ್ನನ್ನು ಬಿಟ್ಟಿಲ್ಲ.

ಆಗ ಈ ವಿಷಯದಲ್ಲಿ ಆಧಾರವಾಗಿದ್ದುದು ರಿಸರ್ವ್ ಬ್ಯಾಂಕ್ 2017ರ ಜುಲೈ 6ರಂದು ಹೊರಡಿಸಿದ ಸುತ್ತೋಲೆ. ಅದು ಹೊಣೆಯನ್ನು ಮೂರು ಬಗೆಯಾಗಿ ವಿಂಗಡಿಸಿತ್ತು. ಬ್ಯಾಂಕಿನ ಲೋಪ ಅಥವಾ ನಿರ್ಲಕ್ಷ್ಯದಿಂದ ನಷ್ಟವಾಗಿದ್ದರೆ ಗ್ರಾಹಕನ ಹೊಣೆ ಸೊನ್ನೆ, ಅವನು ತಿಳಿಸಿರಲಿ ಬಿಡಲಿ. ತಪ್ಪು ಬ್ಯಾಂಕಿನದೂ ಅಲ್ಲ, ಗ್ರಾಹಕನದೂ ಅಲ್ಲ, ವ್ಯವಸ್ಥೆಯ ಬೇರೆಲ್ಲೋ ಇದೆ ಎಂದಾದರೆ, ಬ್ಯಾಂಕಿನಿಂದ ಸೂಚನೆ ತಲುಪಿದ ಮೂರು ಕೆಲಸದ ದಿನಗಳೊಳಗೆ ತಿಳಿಸಿದವನಿಗೆ ಹೊಣೆಯಿಲ್ಲ. ನಾಲ್ಕರಿಂದ ಏಳು ಕೆಲಸದ ದಿನವಾದರೆ ಸಾಮಾನ್ಯ ಉಳಿತಾಯ ಖಾತೆಯಲ್ಲಿ ವಹಿವಾಟೊಂದಕ್ಕೆ ಗರಿಷ್ಠ 10,000 ರೂಪಾಯಿ, ಕನಿಷ್ಠ ಶಿಲ್ಕು ಬೇಕಿಲ್ಲದ ಮೂಲ ಉಳಿತಾಯ ಖಾತೆಯಲ್ಲಿ 5,000 ರೂಪಾಯಿ. ಏಳು ದಿನ ಮೀರಿದರೆ ಬ್ಯಾಂಕಿನ ಆಡಳಿತ ಮಂಡಳಿಯ ನೀತಿಯಂತೆ. ಪಿನ್ ಮುಂತಾದವನ್ನು ಹಂಚಿಕೊಂಡು ಗ್ರಾಹಕನೇ ನಿರ್ಲಕ್ಷ್ಯ ತೋರಿದ್ದರೆ ಬ್ಯಾಂಕಿಗೆ ತಿಳಿಸುವವರೆಗಿನ ನಷ್ಟವೆಲ್ಲ ಅವನದು, ತಿಳಿಸಿದ ಮೇಲಿನ ನಷ್ಟ ಬ್ಯಾಂಕಿನದು. ಇವೆಲ್ಲಕ್ಕಿಂತ ನಾನು ಮುಖ್ಯವೆಂದು ತಿಳಿಯುವ ಮಾತು ಇನ್ನೊಂದಿದೆ: ಗ್ರಾಹಕನ ಹೊಣೆಯನ್ನು ಸಾಬೀತುಪಡಿಸುವ ಭಾರ ಬ್ಯಾಂಕಿನ ಮೇಲಿದೆ.

ಅದೇ ಸುತ್ತೋಲೆಯ ಪ್ರಕಾರ, ದೂರು ಬಂದ ಹತ್ತು ಕೆಲಸದ ದಿನಗಳೊಳಗೆ ವಿವಾದಿತ ಮೊತ್ತವನ್ನು ತಾತ್ಕಾಲಿಕವಾಗಿ ಖಾತೆಗೆ ಜಮೆ ಮಾಡಬೇಕು, ತೊಂಬತ್ತು ದಿನಗಳೊಳಗೆ ತೀರ್ಮಾನ ಮಾಡಬೇಕಿತ್ತು. ಈ ಪ್ರಕರಣದಲ್ಲಿ ತಾತ್ಕಾಲಿಕ ಜಮೆ ಆಗಲೇ ಇಲ್ಲ. ಕೇಳಬೇಕೆಂಬುದೂ ಈ ಮನೆಯವರಿಗೆ ಗೊತ್ತಿರಲಿಲ್ಲ.

ನಾವು ಮಾಡಿದ್ದು

ಮೊದಲು ನಾನು ಮಾಡಿದ ಕೆಲಸವೆಂದರೆ 1,63,500 ಎಂಬ ಒಟ್ಟು ಅಂಕಿಯನ್ನು ಬದಿಗಿಟ್ಟು, ಒಂದು ಹಾಳೆಯ ಮೇಲೆ ಶುಕ್ರವಾರ ಸಂಜೆಯಿಂದ ಸೋಮವಾರ ಬೆಳಿಗ್ಗೆಯವರೆಗೆ ಗೆರೆ ಎಳೆದು, ಪ್ರತಿಯೊಂದು ವಹಿವಾಟನ್ನೂ ಪ್ರತಿಯೊಂದು ಕರೆಯನ್ನೂ ಅದರ ಮೇಲೆ ಗುರುತು ಮಾಡಿದ್ದು. ಹೊಣೆ ಎನ್ನುವುದು ಯಾರೋ ಒಬ್ಬರ ಮೇಲೆ ಇಡಿಯಾಗಿ ಕೂರುವ ವಸ್ತುವಲ್ಲ, ಗಡಿಯಾರದ ಜೊತೆ ಅದು ಕೈ ಬದಲಿಸುತ್ತದೆ. ಹಣ ಹೋದ ಆ ಕ್ಷಣದಲ್ಲಿ ಅದನ್ನು ತಡೆಯಬಲ್ಲವರು ಯಾರಿದ್ದರು ಎಂದು ಕಂತುಕಂತಾಗಿ ಕೇಳಿದಾಗ ಮಾತ್ರ ಉತ್ತರ ಸಿಗುತ್ತದೆ.

ಹಾಗೆ ಕೇಳಿದಾಗ ಕೊನೆಯ ಎರಡು ಕಂತುಗಳು, ಅಂದರೆ ಚಿನ್ನದಂಗಡಿಯ 48,500 ಮತ್ತು ಭಾನುವಾರದ 40,000, ಇಮೇಲ್‌ಗೆ ಸ್ವೀಕೃತಿ ಬಂದ ಮೇಲೆ ಹೋದವು. ವಂಚನೆಯನ್ನು ತಿಳಿಸಲು ದಿನದ ಇಪ್ಪತ್ತನಾಲ್ಕು ಗಂಟೆಯೂ ಜಾಲತಾಣ, ದೂರವಾಣಿ, ಎಸ್ಸೆಮ್ಮೆಸ್, ಇಮೇಲ್ ಮುಂತಾದ ಹಲವು ದಾರಿಗಳನ್ನು ತೆರೆದಿಡಬೇಕು, ತಿಳಿಸಿದ ಕೂಡಲೇ ದೂರಿನ ಸಂಖ್ಯೆ ಕೊಡಬೇಕು, ಮುಂದಿನ ವಹಿವಾಟು ನಡೆಯದಂತೆ ತಕ್ಷಣ ಕ್ರಮ ಕೈಗೊಳ್ಳಬೇಕು ಎಂದು ಸುತ್ತೋಲೆಯೇ ಹೇಳುತ್ತದೆ. ಸಂಖ್ಯೆ ಬಂತು, ಕ್ರಮ ಬರಲಿಲ್ಲ. ಅಜ್ಜಿ ಪಿನ್ ಅನ್ನು ಕೂಗಿ ಹೇಳಿದ್ದರು ಎಂದೇ ಇಟ್ಟುಕೊಂಡರೂ ಈ 88,500 ರೂಪಾಯಿ ಬ್ಯಾಂಕಿನ ಹೊಣೆಯೇ.

ಎರಡನೆಯ ಕಂತು, ಮಧ್ಯರಾತ್ರಿಯ 40,000, ಇಮೇಲ್‌ಗಿಂತ ಮುಂಚೆ ಹೋದದ್ದು. ಶುಕ್ರವಾರ ಸಂಜೆಯ ವಹಿವಾಟುಗಳಿಗೆ ಎಸ್ಸೆಮ್ಮೆಸ್ ಬಂದಿದ್ದರೆ ಮಧ್ಯರಾತ್ರಿಗೆ ಇನ್ನೂ ಐದೂವರೆ ಗಂಟೆ ಬಾಕಿಯಿತ್ತು, ಮೊಮ್ಮಗನ ಕೈಯಲ್ಲಿ ಫೋನೂ ಇತ್ತು. ಎಸ್ಸೆಮ್ಮೆಸ್ ಏಕೆ ಬರಲಿಲ್ಲ ಎಂಬ ಪ್ರಶ್ನೆಗೆ ಪಾಸ್‌ಬುಕ್ಕಿನ ಪ್ಲಾಸ್ಟಿಕ್ ಹೊದಿಕೆಯೊಳಗೆ ಉತ್ತರ ಸಿಕ್ಕಿತು. ಹೊದಿಕೆಯ ಒಂದು ಬದಿಯಲ್ಲಿ ಮೊಹರಿನ ಸ್ವೀಕೃತಿ ಚೀಟಿ, ನಾಲ್ಕು ಮಡಿಕೆಯಾಗಿ. ಇನ್ನೊಂದು ಬದಿಯಲ್ಲಿ ಕ್ಯಾಲೆಂಡರ್ ಹಾಳೆಯ ತುಂಡಿನ ಮೇಲೆ ಮೊಮ್ಮಗನ ಕೈಬರಹದಲ್ಲಿ ಪಿನ್.

ಆ ತುಂಡನ್ನು ನೋಡಿ ನಾನು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ಪಿನ್ ಬರೆದಿಡಬಾರದು, ಮನೆಯವರಿಗೂ ಹೇಳಬಾರದು ಎಂಬುದು ಕಾರ್ಡಿನ ಷರತ್ತು. ಹೆರಿಗೆ ರಜೆಯಲ್ಲಿದ್ದ ಮಹಿಳೆಯೊಬ್ಬರು 2013ರಲ್ಲಿ ಬೆಂಗಳೂರಿನಲ್ಲಿ ಪತಿಯ ಕೈಗೆ ಕಾರ್ಡು, ಪಿನ್ ಕೊಟ್ಟು 25,000 ರೂಪಾಯಿ ತರಲು ಕಳುಹಿಸಿದ್ದರು. ಯಂತ್ರ ಚೀಟಿ ಕೊಟ್ಟು ಹಣ ಕೊಡಲಿಲ್ಲ. ಪಿನ್ ಅನ್ನು ಬೇರೆಯವರಿಗೆ ಕೊಡುವಂತಿಲ್ಲ ಎಂಬ ಬ್ಯಾಂಕಿನ ವಾದವನ್ನು ಎತ್ತಿಹಿಡಿದ ಗ್ರಾಹಕರ ವೇದಿಕೆ 2018ರಲ್ಲಿ ಅವರ ದೂರನ್ನು ತಳ್ಳಿಹಾಕಿತು. ನಮ್ಮ ಕಡೆಯ ಎಷ್ಟು ಮನೆಗಳಲ್ಲಿ ಅಪ್ಪನ ಪಿನ್ ಮಗಳಿಗೆ, ಅಜ್ಜಿಯ ಪಿನ್ ಮೊಮ್ಮಗನಿಗೆ ಗೊತ್ತಿಲ್ಲ ಹೇಳಿ? ಕೈ ನಡುಗುವವರು, ಅಕ್ಷರ ಬಾರದವರು ಇನ್ನೇನು ಮಾಡಬೇಕು? ಆದರೂ ಷರತ್ತು ಷರತ್ತೇ. ಪಿನ್ ಬರೆದ ಆ ತುಂಡಿನ ವಿಷಯವನ್ನು ಬ್ಯಾಂಕಿಗೆ ಬರೆಯುವ ಪತ್ರದಲ್ಲಿ ನಾವಾಗಿಯೇ ಹೇಳಿಬಿಡೋಣ ಎಂದೆ. ಆ ತುಂಡು ಶುಕ್ರವಾರ ಮನೆಯಲ್ಲೇ ಇತ್ತು, ಕಳ್ಳನ ಕೈಗೆ ಹೋಗಲಿಲ್ಲ, ನಷ್ಟಕ್ಕೆ ಕಾರಣವೂ ಅಲ್ಲ. ಮುಚ್ಚಿಟ್ಟು ಆಮೇಲೆ ಹೊರಬಂದರೆ ಉಳಿದ ಸತ್ಯಕ್ಕೂ ಬೆಲೆ ಇರುವುದಿಲ್ಲ. ಮೊಮ್ಮಗ ಹೆದರಿದ, ಅಜ್ಜಿ ತಕ್ಷಣ ಒಪ್ಪಿದರು.

ಪತ್ರದಲ್ಲಿ ಇನ್ನೊಂದು ಅಂಶವನ್ನೂ ಎತ್ತಿದೆವು. ಅಸಹಜ ವಹಿವಾಟನ್ನು ಗುರುತಿಸಿ ತಡೆಯುವ ಬಲವಾದ ವ್ಯವಸ್ಥೆ ಬ್ಯಾಂಕಿನಲ್ಲಿರಬೇಕೆಂದು ಸುತ್ತೋಲೆ ಬಯಸುತ್ತದೆ. ತಿಂಗಳಿಗೆ ಒಂದು ಸಲ ಆರು ಸಾವಿರ ಮೀರದಂತೆ ಹಣ ತೆಗೆಯುವ ಪಿಂಚಣಿ ಖಾತೆಯಿಂದ ಏಳು ಗಂಟೆಯೊಳಗೆ 80,000 ಹೋದಾಗಲೂ ಯಾವ ಗಂಟೆಯೂ ಬಾರಿಸಲಿಲ್ಲ. ಕಾರ್ಡಿನ ಮಿತಿಯನ್ನು ಗ್ರಾಹಕರೇ ಇಳಿಸಿಕೊಳ್ಳುವ, ಬೇಡವಾದ ಬಳಕೆಯನ್ನು ಮುಚ್ಚಿಡುವ ಸೌಲಭ್ಯವನ್ನು 2020ರ ಅಕ್ಟೋಬರ್‌ನಿಂದಲೇ ಬ್ಯಾಂಕುಗಳು ಕೊಡಬೇಕಾಗಿದೆ. ಅಜ್ಜಿಯ ಕಾರ್ಡಿಗೆ ದಿನಕ್ಕೆ ಆರು ಸಾವಿರದ ಮಿತಿ ಹಾಕಿಸಿ, ಅಂಗಡಿಯ ಬಳಕೆಯನ್ನು ಮುಚ್ಚಿಸಿದ್ದರೆ ಮೂರು ದಿನದ ಒಟ್ಟು ನಷ್ಟ 13,000 ರೂಪಾಯಿ ದಾಟುತ್ತಿರಲಿಲ್ಲ. ಅಂಥದ್ದೊಂದು ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಬ್ಯಾಂಕು ದೂರನ್ನು ತಿರಸ್ಕರಿಸಿ ಆಗಿತ್ತಾದ್ದರಿಂದ ನಾವು ನೇರವಾಗಿ ಒಂಬುಡ್ಸ್‌ಮನ್, ಅಂದರೆ ಬ್ಯಾಂಕುಗಳ ಮೇಲಿನ ದೂರು ವಿಚಾರಿಸಲು ರಿಸರ್ವ್ ಬ್ಯಾಂಕ್ ನೇಮಿಸಿದ ಅಧಿಕಾರಿಯ ಬಳಿಗೆ ಹೋಗಬಹುದಿತ್ತು. ನಾನು ಹಳೆಯ ರೂಢಿಯಂತೆ ಮೊದಲು ಬ್ಯಾಂಕಿನ ಮೇಲಧಿಕಾರಿಗೆ ಬರೆದು ಐದು ವಾರ ಉತ್ತರ ಕಾದೆ, ಉತ್ತರ ಬರಲಿಲ್ಲ. ಅದಕ್ಕಿಂತ ದೊಡ್ಡದು, ಎಟಿಎಂ ಒಳಗಿನ ಕ್ಯಾಮೆರಾ ದೃಶ್ಯವನ್ನು ಕಾಯ್ದಿರಿಸಿ ಎಂಬ ಬೇಡಿಕೆಯನ್ನು ಆ ಮೊದಲ ಪತ್ರದಲ್ಲಿ ಬರೆಯಲಿಲ್ಲ. ಅಜ್ಜಿಯೇ ಪಿನ್ ಒತ್ತಿದ್ದು, ಅವನು ಪಕ್ಕದಲ್ಲಿ ನಿಂತಿದ್ದು, ಕಾರ್ಡು ಬದಲಾದದ್ದು, ಇವಿಷ್ಟೂ ಆ ದೃಶ್ಯದಲ್ಲಿ ಇದ್ದಿರಬೇಕು. ಜನವರಿಯ ನಡುವಿನಲ್ಲಿ ಕೇಳುವ ಹೊತ್ತಿಗೆ, ಆ ಎಟಿಎಂ ನಡೆಸುವ ಬ್ಯಾಂಕಿನಿಂದ ಸದರಿ ದಿನದ ದೃಶ್ಯ ಲಭ್ಯವಿಲ್ಲ ಎಂಬ ಒಂದು ಸಾಲಿನ ಉತ್ತರ ಬಂತು. ಹಳೆಯ ದೃಶ್ಯದ ಮೇಲೆ ಹೊಸದು ಅಚ್ಚಾಗುತ್ತಾ ಹೋಗುತ್ತದೆ ಎಂಬುದು ನನಗೆ ತಿಳಿಯದ ವಿಷಯವೇನಲ್ಲ. ಕಾಗದಪತ್ರವನ್ನು ಹೊಂದಿಸುವ ಭರದಲ್ಲಿ ಅಳಿದುಹೋಗುವ ಸಾಕ್ಷ್ಯವನ್ನು ಮರೆತೆ. ದೂರು ಬರೆಯುವವರು ಮೊದಲ ದಿನದ ಮೊದಲ ಪತ್ರದಲ್ಲಿಯೇ ಇದನ್ನು ಕೇಳಬೇಕು, ಬ್ಯಾಂಕಿಗೂ ಪೊಲೀಸರಿಗೂ ಲಿಖಿತವಾಗಿ.

ತಿರುವು ಮತ್ತು ತೀರ್ಮಾನ

ಜನವರಿ ಮೂರನೆಯ ವಾರ ರಿಸರ್ವ್ ಬ್ಯಾಂಕಿನ ಸಮಗ್ರ ಒಂಬುಡ್ಸ್‌ಮನ್ ಯೋಜನೆಯಡಿ ದೂರು ಸಲ್ಲಿಸಿದೆವು. 2021ರ ನವೆಂಬರ್‌ನಲ್ಲಿ ಜಾರಿಗೆ ಬಂದಿದ್ದ ಆ ವ್ಯವಸ್ಥೆಯಲ್ಲಿ ಶುಲ್ಕವಿರಲಿಲ್ಲ, ವಕೀಲರು ಬೇಕಿರಲಿಲ್ಲ, ಜಾಲತಾಣದಲ್ಲೇ ದೂರು ತುಂಬಬಹುದಿತ್ತು. ಬ್ಯಾಂಕಿಗೆ ದೂರು ಕೊಟ್ಟು ಮೂವತ್ತು ದಿನದೊಳಗೆ ಉತ್ತರ ಬಾರದಿದ್ದರೆ ಅಥವಾ ಉತ್ತರ ಸಮಾಧಾನ ತರದಿದ್ದರೆ ಅಲ್ಲಿಗೆ ಹೋಗಬಹುದಿತ್ತು.

ಬ್ಯಾಂಕು ತನ್ನ ಸಮರ್ಥನೆಗೆ ಎಸ್ಸೆಮ್ಮೆಸ್ ದಾಖಲೆಯನ್ನು ಹಾಜರುಪಡಿಸಿತು. ಪ್ರತಿಯೊಂದು ವಹಿವಾಟಿಗೂ ಸಂದೇಶ ಹೋಗಿದೆ, ಪ್ರತಿಯೊಂದರ ಮುಂದೆಯೂ ‘ತಲುಪಿದೆ’ ಎಂಬ ಗುರುತು, ಗಂಟೆ ನಿಮಿಷ ಸೆಕೆಂಡು ಸಹಿತ. ಆ ಹಾಳೆಯನ್ನು ಮೊಮ್ಮಗನೇ ಮೊದಲು ಓದಿ, ಮೊಬೈಲ್ ಸಂಖ್ಯೆಯ ಕೊನೆಯ ಅಂಕಿಗಳ ಮೇಲೆ ಬೆರಳಿಟ್ಟು ‘ಇದು ತಾತನ ನಂಬರು’ ಎಂದ. ಬಳಕೆಯಿಲ್ಲದೆ ರದ್ದಾದ ಆ ಸಂಖ್ಯೆಯನ್ನು ದೂರವಾಣಿ ಕಂಪನಿ ಬೇರೆ ಯಾರಿಗೋ ಕೊಟ್ಟಿತ್ತು. ಅಜ್ಜಿಯ ಹಣ ಹೋಗುತ್ತಿದ್ದ ಪ್ರತಿಯೊಂದು ಸುದ್ದಿಯೂ ಅವರಿಗೆ ಸಂಬಂಧವೇ ಇಲ್ಲದ ಯಾರದೋ ಫೋನಿನಲ್ಲಿ ಸದ್ದು ಮಾಡಿತ್ತು. ಎರಡು ವರ್ಷದ ಹಿಂದಿನ ಮೊಹರಿನ ಚೀಟಿಯನ್ನು ಆ ಹಾಳೆಯ ಪಕ್ಕದಲ್ಲಿಟ್ಟು ಕಳುಹಿಸಿದೆವು. ಸಂದೇಶ ತಲುಪಿದ ಮತ್ತು ಗ್ರಾಹಕ ಸ್ಪಂದಿಸಿದ ವೇಳೆಯನ್ನು ಬ್ಯಾಂಕುಗಳು ದಾಖಲಿಸಿಡಬೇಕು, ಹೊಣೆ ನಿರ್ಧರಿಸಲು ಅದು ಮುಖ್ಯ ಎಂದು ಸುತ್ತೋಲೆಯಲ್ಲಿದೆ. ಇಲ್ಲಿ ಬ್ಯಾಂಕು ಕೊಟ್ಟ ದಾಖಲೆಯೇ ಬ್ಯಾಂಕಿನ ಲೋಪವನ್ನು ತೋರಿಸಿತು. ಮೂರು ಕೆಲಸದ ದಿನಗಳ ಎಣಿಕೆ ಶುರುವಾಗುವುದೇ ಸೂಚನೆ ತಲುಪಿದ ಮೇಲೆ. ಅಜ್ಜಿಯ ಮಟ್ಟಿಗೆ ಆ ಎಣಿಕೆ ಶುರುವೇ ಆಗಿರಲಿಲ್ಲ. ಆಗಿದ್ದರೂ ಎರಡನೇ ಶನಿವಾರ ಮತ್ತು ಭಾನುವಾರ ಲೆಕ್ಕಕ್ಕೆ ಬಾರದ ದಿನಗಳಾದ್ದರಿಂದ ಸೋಮವಾರದ ದೂರು ಅವಧಿಯೊಳಗೇ ಇತ್ತು.

ಉಳಿದದ್ದು ಮೊದಲ ಕಂತಿನ 35,000. ಅದರ ಬಗ್ಗೆ ಬ್ಯಾಂಕಿನ ಬಳಿ ಇದ್ದ ಏಕೈಕ ಆಧಾರ, ಠಾಣೆಯಲ್ಲಿ ಮೊಮ್ಮಗ ಬರೆದ ಆ ಒಂದು ವಾಕ್ಯ. ‘ಕೊಟ್ಟಿರುತ್ತಾರೆ’ ಎಂದು ಬರೆದದ್ದು ಏಕೆ ಎಂದು ನಾನು ಅವನನ್ನು ಕೇಳಿದ್ದೆ. ಅಜ್ಜಿ ಅಂಕಿಗಳನ್ನು ಗಟ್ಟಿಯಾಗಿ ಹೇಳಿಕೊಳ್ಳುತ್ತಾರೆ ಎಂದು ಅವನಿಗೆ ಗೊತ್ತು, ಹಾಗಾಗಿ ಕೊಟ್ಟಂತೆಯೇ ಅಲ್ಲವೇ ಎಂದುಕೊಂಡನಂತೆ. ಅಜ್ಜಿ ಅಲ್ಲಿಯೇ ಇದ್ದರು. ‘ನಾನು ಅವನಿಗೆ ಹೇಳ್ಲಿಲ್ಲ ಕಣೋ. ನನಗೆ ನಾನೇ ಹೇಳ್ಕೊಂಡೆ’ ಎಂದರು.

ಹಂಚಿಕೊಳ್ಳುವುದಕ್ಕೂ ಕದ್ದು ಕೇಳಿಸಿಕೊಳ್ಳುವುದಕ್ಕೂ ಇರುವ ಅಂತರ ಅದೇ. ಹಂಚಿಕೊಳ್ಳುವುದರಲ್ಲಿ ಕೊಡುವವರ ಮನಸ್ಸಿರುತ್ತದೆ. ನೆನಪಿಗಾಗಿ ತುಟಿಯಲ್ಲಿ ಆಡಿಕೊಂಡ ಅಂಕಿಯನ್ನು ಪಕ್ಕದವನು ಹೆಕ್ಕಿಕೊಂಡರೆ ಅದನ್ನು ಎಚ್ಚರಗೇಡಿತನ ಎನ್ನಬಹುದೇನೋ, ಕೊಡುವುದು ಎನ್ನಲಾಗದು. ನಾನು ಈ ವಾದವನ್ನು ಸಾಧ್ಯವಾದಷ್ಟು ಬಲವಾಗಿ ಬರೆದೆ. ಆದರೆ ಕಣ್ಣಿಗೆ ಕಾಣುವ ಸಾಕ್ಷ್ಯ ಅಳಿದುಹೋಗಿತ್ತು, ಕುಟುಂಬದವರದೇ ಕೈಬರಹ ಎದುರಿಗಿತ್ತು. ಪೊಲೀಸ್ ದೂರನ್ನು ಬರೆಯುವಾಗ ‘ಕೊಟ್ಟರು’, ‘ಹೇಳಿದರು’ ಎಂಬ ಕ್ರಿಯಾಪದಗಳನ್ನು ತೂಗಿ ಬಳಸಬೇಕು, ನಡೆದದ್ದನ್ನು ನಡೆದಂತೆ ಮಾತ್ರ ಬರೆಯಬೇಕು, ಅದರ ಅರ್ಥವನ್ನು ನಾವೇ ತೀರ್ಮಾನಿಸಿ ಬರೆಯಬಾರದು ಎಂದು ಆ ದಿನದಿಂದ ನನ್ನ ಬಳಿ ಬರುವವರಿಗೆಲ್ಲ ಹೇಳುತ್ತಿದ್ದೇನೆ.

ಏಪ್ರಿಲ್‌ನಲ್ಲಿ ಒಂಬುಡ್ಸ್‌ಮನ್ ಕಚೇರಿಯ ಮಧ್ಯಸ್ಥಿಕೆಯಲ್ಲಿ ಬ್ಯಾಂಕು ಎರಡು, ಮೂರು, ನಾಲ್ಕನೆಯ ಕಂತುಗಳ 1,28,500 ರೂಪಾಯಿಯನ್ನು, ಹಣ ಹೋದ ದಿನದಿಂದಲೇ ಲೆಕ್ಕ ಹಿಡಿದು ಹಿಂದಿರುಗಿಸಲು ಮುಂದೆ ಬಂತು. ಮೊದಲ ಕಂತಿಗೆ ಒಪ್ಪಲಿಲ್ಲ. ಒಪ್ಪಂದಕ್ಕೆ ಸಹಿ ಹಾಕಿದರೆ ಪ್ರಕರಣ ಅಲ್ಲಿಗೆ ಮುಕ್ತಾಯ. ಹಾಕದಿದ್ದರೆ ಒಂಬುಡ್ಸ್‌ಮನ್ ಆದೇಶಕ್ಕೆ ಕಾಯಬೇಕು, ಅದೂ ಬೇಡವೆಂದರೆ ಎರಡು ವರ್ಷದ ಅವಧಿಯೊಳಗೆ ಗ್ರಾಹಕರ ಆಯೋಗಕ್ಕೆ ಹೋಗಬಹುದು. ಕಾಯೋಣ ಎಂಬುದು ನನ್ನ ಸಲಹೆಯಾಗಿತ್ತು. ಸಾಬೀತು ಮಾಡುವ ಭಾರ ಬ್ಯಾಂಕಿನ ಮೇಲಿರುವಾಗ, ಅವಸರದ ಒಂದು ವಾಕ್ಯವನ್ನು ಪೂರ್ಣ ಪುರಾವೆ ಎಂದು ಒಪ್ಪಿಕೊಳ್ಳಬಾರದು ಎಂದು ನನಗೆ ಅನ್ನಿಸಿತ್ತು, ಈಗಲೂ ಅನ್ನಿಸುತ್ತದೆ.

ಅಜ್ಜಿ ಸಹಿ ಹಾಕುತ್ತೇನೆ ಎಂದರು. ಕಾರಣ ಕೇಳಿದೆ. 35,000ಕ್ಕಾಗಿ ಮುಂದೆ ಹೋದರೆ ಎಲ್ಲ ಕಡೆಯೂ ಮೊಮ್ಮಗ ಬರೆದ ಕಾಗದವನ್ನೇ ಓದುತ್ತಾರೆ, ಹುಡುಗ ಆ ಮಾತಿಗೆ ಈಗಾಗಲೇ ಸಾಕಷ್ಟು ಅತ್ತಿದ್ದಾನೆ, ಇನ್ನೊಮ್ಮೆ ಅವನನ್ನು ಯಾರ ಮುಂದೆಯೂ ನಿಲ್ಲಿಸುವುದಿಲ್ಲ ಎಂದರು. ಮೇ ತಿಂಗಳ ಎರಡನೇ ವಾರ ಹಣ ಜಮೆಯಾಯಿತು. ಆ ದಿನ ಶಾಖೆಯಲ್ಲಿ ಹೊಸ ಮೊಬೈಲ್ ಸಂಖ್ಯೆ ಖಾತೆಗೆ ಸೇರಿದೆಯೇ ಎಂದು ಪರದೆಯ ಮೇಲೆಯೇ ತೋರಿಸಿಕೊಂಡೆವು, ಹೊಸ ಕಾರ್ಡಿಗೆ ದಿನಕ್ಕೆ ಆರು ಸಾವಿರದ ಮಿತಿ ಹಾಕಿಸಿದೆವು, ಅಂಗಡಿಯ ಬಳಕೆಯನ್ನು ಮುಚ್ಚಿಸಿದೆವು. ಅಜ್ಜಿಯ ಕೈಗೆ ಬಂದಿದ್ದ ಆ ಇನ್ನೊಂದು ಕಾರ್ಡಿನ ಒಡೆಯರು ಅರಸೀಕೆರೆ ಕಡೆಯ ವೃದ್ಧರೊಬ್ಬರೆಂದು ಪೊಲೀಸರಿಂದ ಆಗಲೇ ತಿಳಿದಿತ್ತು. ಅದೇ ವಾರ, ಅದೇ ರೀತಿಯಲ್ಲಿ ಕಳೆದುಕೊಂಡಿದ್ದರಂತೆ. ಅವರು ಬ್ಯಾಂಕಿಗೆ ದೂರನ್ನೇ ಕೊಟ್ಟಿರಲಿಲ್ಲ, ತಪ್ಪು ತಮ್ಮದೇ ಎಂದು ತಿಳಿದಿದ್ದರು. ಅಜ್ಜಿಯೇ ಮೊಮ್ಮಗನನ್ನು ಕರೆದುಕೊಂಡು, ಪೊಲೀಸರ ಮೂಲಕ ಅವರ ಒಪ್ಪಿಗೆ ಕೇಳಿಸಿ, ಅವರ ಮನೆಗೆ ಹೋಗಿ ಬಂದರು. ಮರುವಾರ ಆ ವೃದ್ಧರು ಪಾಸ್‌ಬುಕ್ ಹಿಡಿದುಕೊಂಡು ನನ್ನ ಮನೆಯ ಬಾಗಿಲಿಗೆ ಬಂದರು.